ಎರಡು ಬೀಗ, ಕೀಲಿಕೈ ಮಾತ್ರ ಒಂದೇ ಜೇಬಿನಲ್ಲಿ!

ಆತಗೂರು ಹೋಬಳಿಯ ಯಾವ ಅಂಗಡಿ ಜಗಲಿ ಮೇಲೆ ಹತ್ತು ನಿಮಿಷ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಅಣ್ಣೋ, ಅದೇನೋ ನಂಬರ್ ಬಂದದಂತೆ, ವಸಿ ನೋಡಿ ಯೋಳು." ಫೋನು ಅಜ್ಜಿಯದು. ನೋಡುವ ಕಣ್ಣು ಅಂಗಡಿಯವನದು. ನಂಬರು ಕೇಳುತ್ತಿರುವವನು ಗ್ಯಾಸ್ ಸಿಲಿಂಡರ್ ತಂದ ಹುಡುಗನೋ, ರೇಷನ್ ಕಾರ್ಡ್ ತಿದ್ದುವ ಸೆಂಟರಿನವನೋ, ಇಲ್ಲಾ ಅಜ್ಜಿಯ ಖಾತೆಗೆ ಕನ್ನ ಹಾಕಲು ಕೂತ ಕಳ್ಳನೋ? ಆ ನಾಲ್ಕಾರು ಅಂಕಿಯ ಮುಖ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯವನು ಕನ್ನಡಕ ಏರಿಸಿ ಓದುತ್ತಾನೆ, ಅಜ್ಜಿ ಫೋನಿಗೆ ಒಪ್ಪಿಸುತ್ತಾಳೆ. ಕೆಲಸ ಆಯ್ತು. ಯಾವ ಕೆಲಸ ಅನ್ನೋದು ಮಾತ್ರ ಸಂಜೆಗೆ ತಿಳಿಯುತ್ತದೆ.

ಆ ಖಾತೆಯಲ್ಲಿ ಇರೋದೇನು ಮಹಾ ಅನ್ನಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿ, ಡೇರಿಗೆ ಹಾಕಿದ ಹಾಲಿನ ಬಟವಾಡೆ, ಕಬ್ಬಿನ ಬಾಕಿ, ಕಿಸಾನ್ ಸಮ್ಮಾನ್‌ನ ಕಂತು, ಮಗ ಬೆಂಗಳೂರಿಂದ ಹಾಕಿದ ದುಡ್ಡು. ಹಿಂದೆ ಇದೆಲ್ಲ ಸೆರಗಿನ ಗಂಟಿನಲ್ಲೋ ಅಕ್ಕಿ ಡಬ್ಬದಲ್ಲೋ ಇರುತ್ತಿತ್ತು. ಈಗ ಫೋನಿನಲ್ಲಿದೆ. ಅದಕ್ಕೊಂದು ಬೀಗ ಸಾಲದು ಅಂತ ಎರಡು ಹಾಕಿದ್ದಾರೆ. ಬ್ಯಾಂಕಿನವರ ಭಾಷೆಯಲ್ಲಿ ಇದು 'ಎರಡು ಹಂತದ ದೃಢೀಕರಣ'. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ ಜೋಡಿ ಬೀಗ.

ಬೀಗ ಎರಡಿವೆ, ಸರಿ. ಆದರೂ ದುಡ್ಡು ಹೋಗೋದು ಹೇಗೆ ಸ್ವಾಮಿ? ಹೋದವರದೇ ತಪ್ಪು ಅಂತ ಎಲ್ಲ ಕಡೆ ಹೇಳಿಕೊಂಡು ಬರಲಾಗುತ್ತಿದೆ. ಬೀಗ ಮಾಡಿದವನ ಕಡೆಗೂ ಒಂದು ಸಲ ತಿರುಗಿ ನೋಡೋಣ.

ಖಜಾನೆಯ ಬುದ್ಧಿ

ಜೋಡಿ ಬೀಗ ಕಂಪ್ಯೂಟರಿನವರು ಕಂಡುಹಿಡಿದ ವಿದ್ಯೆಯೇನಲ್ಲ. ಸರ್ಕಾರಿ ಖಜಾನೆಯ ಭದ್ರತಾ ಕೊಠಡಿಗೆ 'ಡಬಲ್ ಲಾಕ್' ಅನ್ನುವ ಪದ್ಧತಿ ಬ್ರಿಟಿಷರ ಕಾಲದ್ದು. ಬಾಗಿಲು ಒಂದು, ಬೀಗ ಎರಡು, ಕೀಲಿಕೈ ಇಬ್ಬರು ಬೇರೆ ಬೇರೆ ನೌಕರರ ಹತ್ತಿರ. ಒಬ್ಬ ಬಂದು ಎಷ್ಟು ತಿರುಗಿಸಿದರೂ ಬಾಗಿಲು ಜಪ್ಪಯ್ಯ ಅನ್ನುವುದಿಲ್ಲ. ಬ್ಯಾಂಕಿನ ಲಾಕರ್ ಕೂಡ ಹಾಗೇ. ನಿಮ್ಮ ಕೀಲಿಯ ಜೊತೆ ಬ್ಯಾಂಕಿನವರ ಕೀಲಿ ತಿರುಗಬೇಕು. ಗ್ರಾಮ ಪಂಚಾಯ್ತಿ ಹಣಕ್ಕೆ ಅಧ್ಯಕ್ಷರದೂ ಪಿಡಿಒ ಅವರದೂ ಜಂಟಿ ಸಹಿ ಬೇಕು ಅನ್ನುವುದರ ಹಿಂದೆಯೂ ಇರುವುದು ಇದೇ ಲೆಕ್ಕ.

ಇಲ್ಲಿ ಗಮನಿಸಬೇಕಾದ್ದು ಎರಡು ಅನ್ನುವ ಸಂಖ್ಯೆಯನ್ನಲ್ಲ, ಬೇರೆ ಬೇರೆ ಅನ್ನುವ ಮಾತನ್ನು. ಖಜಾನೆಯ ಎರಡು ಕೀಲಿಯನ್ನೂ ಒಂದೇ ಮೊಳೆಗೆ ನೇತುಹಾಕಿದರೆ ಬೀಗ ಎರಡಿದ್ದರೂ ಒಂದಿದ್ದ ಹಾಗೆ. ಅಧ್ಯಕ್ಷರ ಸಹಿಯ ಡೋಂಗಲ್ಲೂ ಪಿಡಿಒ ಡೋಂಗಲ್ಲೂ ಒಂದೇ ಡ್ರಾಯರಿನಲ್ಲಿದ್ದರೆ ಜಂಟಿ ಸಹಿ ಅನ್ನುವುದು ಬರೀ ಹೆಸರಿಗೆ.

ಗುರುತು ಹಿಡಿಯೋಕೆ ಇರುವ ದಾರಿ ಮೂರೇ. ಒಂದು, ನಿಮಗೆ ಮಾತ್ರ ಗೊತ್ತಿರುವುದು: ಪಿನ್ನು, ಪಾಸ್‌ವರ್ಡು. ಎರಡು, ನಿಮ್ಮ ಹತ್ತಿರ ಇರುವುದು: ಕಾರ್ಡು, ಸಿಮ್ಮು, ಫೋನು. ಮೂರು, ನೀವೇ ಆಗಿರುವುದು: ಬೆರಳು, ಮುಖ, ಕಣ್ಣು. ಈ ಮೂರರಲ್ಲಿ ಎರಡು ಬೇರೆ ಬೇರೆ ಜಾತಿಯವು ಇರಬೇಕು ಅನ್ನೋದು ಇಡೀ ವಿದ್ಯೆಯ ಸಾರ. ಶಕ್ತಿ ಯೋಜನೆ ಬಂದ 2023ರಿಂದ ನಮ್ಮ ಬಸ್ಸುಗಳಲ್ಲಿ ನಡೆಯುತ್ತಿರುವುದೂ ಅದೇ ತಾನೇ? ಕಂಡಕ್ಟರ್ ಅಣ್ಣ ಕಾರ್ಡು ನೋಡುತ್ತಾನೆ, ಕಾರ್ಡಿನ ಮುಖಕ್ಕೂ ಕೂತವರ ಮುಖಕ್ಕೂ ತಾಳೆ ಹಾಕುತ್ತಾನೆ. ಇರುವುದು ಒಂದು, ಆಗಿರುವುದು ಒಂದು. ರಶ್ಶಿನಲ್ಲಿ ಮುಖ ನೋಡೋಕೆ ಪುರುಸೊತ್ತಿರಲ್ಲ, ಆ ಮಾತು ಬೇರೆ.

ತಾಲ್ಲೂಕು ಕಚೇರಿಯಲ್ಲಿ ಬೆರಳಿಟ್ಟ ಕಾಲ

ನಮ್ಮ ರೈತರು ಈ ಜೋಡಿ ಬೀಗವನ್ನು ಮೊದಲು ಕಂಡಿದ್ದು ಬ್ಯಾಂಕಿನಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ. ಕಾಗದದ ಕಾಲದಲ್ಲಿ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಸುಪರ್ದಿನಲ್ಲಿರುತ್ತಿತ್ತು. ಬೀಗವೂ ಅವರದೇ, ಕೀಲಿಯೂ ಅವರದೇ, ಲೇಖನಿಯೂ ಅವರದೇ. ಹನ್ನೊಂದನೇ ಕಾಲಮ್ಮಿನಲ್ಲಿ ಏನಿದೆ ಅಂತ ನೋಡಬೇಕಾದರೆ ಅವರು ಸಿಗಬೇಕು, ಸಿಕ್ಕ ಮೇಲೆ ಪ್ರಸನ್ನರಾಗಬೇಕು.

ರಾಜ್ಯ ಸರ್ಕಾರ 'ಭೂಮಿ' ಯೋಜನೆ ತಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ಮದ್ದೂರು, ಮಳವಳ್ಳಿ ಸೇರಿದಂತೆ ಆಗಿದ್ದ 177 ತಾಲ್ಲೂಕುಗಳಲ್ಲೂ ಅದು ನಡೆಯುತ್ತಿತ್ತು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪಹಣಿ ಸಿಗುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರೊಳಗಿನ ಬೀಗದ ಸಂಗತಿ.

ಆ ಕಂಪ್ಯೂಟರನ್ನು ತೆರೆಯೋಕೆ ಬರೀ ಪಾಸ್‌ವರ್ಡ್ ನಂಬಿಕೊಳ್ಳಲಿಲ್ಲ. ಸಿಬ್ಬಂದಿ ಬೆರಳಿಡಬೇಕು ಅಂತ ಮಾಡಿದರು. ಯಾಕೆಂದರೆ ಸರ್ಕಾರಿ ಕಚೇರಿಯ ಸ್ವಭಾವ ಅದನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಕ್ಲರ್ಕು ರಜ ಹಾಕಿದ ದಿನ ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿ ಹೋಗುತ್ತಾನೆ. ಬೆರಳನ್ನು ಹೇಳಿ ಹೋಗೋಕಾಗುತ್ತಾ? ಯಾರು ಯಾವಾಗ ತಿದ್ದಿದರು ಅನ್ನೋದು ದಾಖಲೆಯಲ್ಲಿ ನಿಲ್ಲುತ್ತದೆ, 'ನಾನಲ್ಲ' ಅನ್ನುವ ಹಾಗಿಲ್ಲ. ಜೊತೆಗೆ ಒಬ್ಬನ ಕೈಯಲ್ಲೇ ಎಲ್ಲ ಮುಗಿಯುತ್ತಿರಲಿಲ್ಲ. ಖಾತೆ ಬದಲಾವಣೆ ಅರ್ಜಿ ಕೌಂಟರಿನಲ್ಲಿ ದಾಖಲಾಗಬೇಕು, ನೋಟಿಸು ಹೊರಡಬೇಕು, ತಕರಾರಿಗೆ ದಿನ ಬಿಡಬೇಕು, ಹೋಬಳಿಯ ರಾಜಸ್ವ ನಿರೀಕ್ಷಕರು ಆದೇಶ ಮಾಡಬೇಕು, ಅದನ್ನು ತಾಲ್ಲೂಕು ಕಚೇರಿಯಲ್ಲಿ ಬೇರೊಬ್ಬರು ಬೆರಳಿಟ್ಟು ಒಪ್ಪಬೇಕು.

ಇನ್ನೂ ಒಂದು ಒಳ್ಳೆ ಕೆಲಸ ಮಾಡಿದ್ದರು. ಕೌಂಟರಿನಲ್ಲಿ ಎರಡು ಪರದೆ. ಒಂದು ಒಳಗೆ ಕೂತವರಿಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ನಡೀತಿದೆ ಅಂತ ರೈತ ಕನ್ನಡದಲ್ಲೇ ನೋಡಬಹುದಿತ್ತು. ಓದಲು ಬಾರದವನು ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಬಹುದಿತ್ತು. ಈ ಎರಡನೇ ಪರದೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೊನೆಗೆ ಮತ್ತೆ ಬೇಕಾಗುತ್ತದೆ.

ಭೂಮಿ ಬಂದು ಲಂಚ ಮಾಯವಾಯ್ತು ಅಂತ ನಾವು ಹೇಳುತ್ತಿಲ್ಲ. ಬೆರಳು ಬೀಗ ತೆಗೆಯುತ್ತದೆ, ಕಡತ ಓದುವುದಿಲ್ಲ. ಆದರೆ ಬೀಗ ಮಾಡುವಾಗ ಅದನ್ನು ಬಳಸುವ ಜನ ಎಂಥವರು ಅಂತ ಯೋಚಿಸಿ ಮಾಡಿದ್ದರು ಅನ್ನೋದು ನಿಜ.

ಹೆಂಡತಿ ಹೇಳಿದ ನಾಲ್ಕು ಅಂಕಿ

ಈಗ ಬ್ಯಾಂಕಿನ ಕತೆಗೆ ಬರೋಣ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ದುಡ್ಡು ಉಗುಳುವ ಯಂತ್ರ ಶುರುವಾಯ್ತು. ಮಾಡಿದವರು ಜಾನ್ ಶೆಫರ್ಡ್ ಬ್ಯಾರನ್. ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ! ಅವರೇ ಹೇಳಿಕೊಂಡ ಪ್ರಕಾರ, ಗುಟ್ಟಿನ ನಂಬರು ಆರು ಅಂಕಿ ಇರಲಿ ಅಂತ ಅವರ ಯೋಚನೆ. ಅಡುಗೆಮನೆಯಲ್ಲಿ ಕೂತು ಹೆಂಡತಿಯನ್ನು ಕೇಳಿದರು. ಆಕೆ, ನನಗೆ ನಾಲ್ಕೇ ನೆನಪಿರೋದು ಅಂದರಂತೆ. ನಾಲ್ಕಾಯ್ತು. ಪಿನ್ನಿನ ಪೇಟೆಂಟು ಪಡೆದವರು ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ, ಯಾರು ಮೊದಲು ಅನ್ನುವ ಜಗಳ ಅವರವರಲ್ಲಿತ್ತು. ನಮಗೆ ಬೇಕಾದ್ದು ಆ ಅಡುಗೆಮನೆಯ ಮಾತು. ಬಳಸುವವರನ್ನು ಕೇಳಿ ಬೀಗ ಮಾಡಿದ ಅಪರೂಪದ ಸಂದರ್ಭ ಅದು.

ನಾಲ್ಕು ಅಂಕಿ ಸಾಕಾ ಅಂತೀರಾ? ನಾಲ್ಕು ಅಂಕಿಯಲ್ಲಿ 10,000 ನಂಬರು ಆಗುತ್ತವೆ. ಕೂತು ಒಂದೊಂದೇ ಒತ್ತುತ್ತಾ ಹೋದರೆ ಕಳ್ಳನಿಗೆ ಒಂದು ದಿನದ ಕೆಲಸ. ಆದರೆ ಮೂರು ಸಲ ತಪ್ಪಿದರೆ ಯಂತ್ರ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕಳ್ಳನಿಗಿರುವ ಅವಕಾಶ 10,000ದಲ್ಲಿ 3. ಅಂದರೆ ಬಲ ಇರುವುದು ನಂಬರಿನ ಉದ್ದದಲ್ಲಲ್ಲ, ತಪ್ಪು ಎಣಿಸುವುದರಲ್ಲಿ. ಜನರಿಗೆ ತೊಂದರೆ ಕೊಡದೆ ಕಳ್ಳನಿಗೆ ತೊಂದರೆ ಕೊಡೋದು ಅಂದರೆ ಇದು. ಆದರೆ ಹುಟ್ಟಿದ ವರ್ಷವನ್ನೇ ಪಿನ್ ಮಾಡಿಕೊಂಡು, ಆ ವರ್ಷ ಬರೆದಿರುವ ಆಧಾರ್ ಜೆರಾಕ್ಸನ್ನು ಎಟಿಎಂ ಕಾರ್ಡಿನ ಜೊತೆ ಒಂದೇ ಕವರಿನಲ್ಲಿಟ್ಟರೆ ಆ ಲೆಕ್ಕವೆಲ್ಲ ನೀರಿನ ಪಾಲು.

ಒಂದೇ ಜೇಬು

ಇಂಟರ್‌ನೆಟ್ಟಿನಲ್ಲಿ ಕಾರ್ಡು ಬಳಸುವಾಗ ಇನ್ನೊಂದು ದೃಢೀಕರಣ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಕಂಪನಿಗಳು ಗೊಣಗಿದವು. ಹಣವನ್ನು ಹೊರದೇಶದ ದಾರಿಯಲ್ಲಿ ಸುತ್ತಿಸಿ ಈ ಬೀಗ ತಪ್ಪಿಸಿಕೊಳ್ಳುತ್ತಿದ್ದವರಿಗೆ 2014ರಲ್ಲಿ ಇದು ನಡೆಯುವುದಿಲ್ಲ ಅಂತ ಹೇಳಿತು. ಒಳ್ಳೆ ಕೆಲಸ. ಆಗ ಜನ ಕಂಪ್ಯೂಟರಿನಲ್ಲಿ ಕಾರ್ಡಿನ ನಂಬರು ಹಾಕುತ್ತಿದ್ದರು, ಓಟಿಪಿ ಜೇಬಿನ ಫೋನಿಗೆ ಬರುತ್ತಿತ್ತು. ಎರಡು ಬೀಗ, ಎರಡು ಜಾಗ. ಖಜಾನೆಯ ಧರ್ಮ ಪಾಲನೆಯಾಗುತ್ತಿತ್ತು.

ಆಮೇಲೆ ಬ್ಯಾಂಕೇ ಫೋನಿನೊಳಕ್ಕೆ ಬಂತು. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾಯ್ತು. ಯುಪಿಐ ಕಟ್ಟಿದ ರೀತಿಯಲ್ಲಿ ಜಾಣತನವಿದೆ, ಅದನ್ನು ಒಪ್ಪಬೇಕು. ಖಾತೆ ನಿಮ್ಮ ಸಿಮ್ಮಿಗೂ ಆ ಫೋನಿಗೂ ಕಟ್ಟಿರುತ್ತದೆ. ಅದು ಒಂದು ಬೀಗ. ಪಿನ್ನು ಇನ್ನೊಂದು. ಫೋನು ಕದ್ದವನಿಗೆ ಪಿನ್ ಗೊತ್ತಿಲ್ಲ, ಪಿನ್ ಕದ್ದು ನೋಡಿದವನ ಹತ್ತಿರ ಫೋನಿಲ್ಲ. ಪ್ರತಿ ಸಲ ಎಸ್ಸೆಮ್ಮೆಸ್ಸಿಗೆ ಕಾಯುವ ಗೋಳಿಲ್ಲ. ಹೊಸ ಫೋನಿಗೆ ಹಾಕಿಕೊಂಡರೆ ಮೊದಲ 24 ಗಂಟೆ ದೊಡ್ಡ ಮೊತ್ತ ಬಿಡದೆ ಮಿತಿ ಇಡುತ್ತಾರೆ, ಅದೂ ಸರಿಯೇ.

ತೊಂದರೆ ಬರುವುದು ಓಟಿಪಿಯ ಕಡೆಯಿಂದ. ಬ್ಯಾಂಕಿನ ಆ್ಯಪೂ ಅದೇ ಫೋನು, ಓಟಿಪಿ ಬರುವ ಎಸ್ಸೆಮ್ಮೆಸ್ಸೂ ಅದೇ ಫೋನು. ಇದನ್ನು ಕಳ್ಳರು ಬೇಗ ಅರ್ಥ ಮಾಡಿಕೊಂಡರು. ವಾಟ್ಸಾಪಿಗೆ ಒಂದು ಮದುವೆ ಕಾರ್ಡು ಬರುತ್ತದೆ, ಇಲ್ಲಾ ಗಾಡಿಗೆ ದಂಡ ಬಿದ್ದಿದೆ ಅಂತ ಒಂದು ಚೀಟಿ, ಇಲ್ಲಾ ಕಿಸಾನ್ ಸಮ್ಮಾನ್ ಪಟ್ಟಿ. ಒತ್ತಿದರೆ ಅದು ಕಾರ್ಡಲ್ಲ, ಎಪಿಕೆ ಅನ್ನುವ ಒಂದು ಆ್ಯಪು. ಎಸ್ಸೆಮ್ಮೆಸ್ ಓದಲೇ ಅಂತ ಕೇಳುತ್ತದೆ, ನಾವು ಹೂಂ ಅಂತೀವಿ. ಅಲ್ಲಿಗೆ ಬಂದ ಓಟಿಪಿಯೆಲ್ಲ ಕಳ್ಳನಿಗೆ ರವಾನೆ. ಯಾರಿಗೂ ಹೇಳಬೇಡಿ ಅಂದರೆ ಏನು ಬಂತು, ಹೇಳೋಕೆ ಮುಂಚೆಯೇ ಅವನಿಗೆ ಗೊತ್ತು. ಮನೆಗೆ ಎರಡು ಬೀಗ ಜಡಿದು ಎರಡು ಕೀಲಿಯನ್ನೂ ಒಂದೇ ಜೇಬಿಗೆ ಹಾಕಿಕೊಂಡು ಜಾತ್ರೆಗೆ ಹೋದ ಹಾಗಾಯ್ತು. ಜೇಬುಗಳ್ಳನಿಗೆ ಒಂದು ಸಲ ಕತ್ತರಿ ಹಾಕಿದರೆ ಸಾಕು.

ಹೇಳಬೇಕಾದ ನಂಬರು, ಹೇಳಬಾರದ ನಂಬರು

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. 'ಓಟಿಪಿಯನ್ನು ಯಾರಿಗೂ ಹೇಳಬೇಡಿ' ಅಂತ ಬ್ಯಾಂಕಿನ ಗೋಡೆ ಮೇಲೆ ಬರೆದಿರುತ್ತಾರೆ. ಅದೇ ಊರಿನಲ್ಲಿ ಅದೇ ದಿನ ಏನೇನು ನಡೆಯುತ್ತೆ ನೋಡಿ. ಗ್ಯಾಸ್ ಸಿಲಿಂಡರ್ ಬಂದರೆ ಫೋನಿಗೆ ಬಂದ ಕೋಡನ್ನು ಹುಡುಗನಿಗೆ ಹೇಳಬೇಕು, ಹೇಳದಿದ್ದರೆ ಸಿಲಿಂಡರ್ ಇಳಿಸಲ್ಲ. ಬೆಂಗಳೂರಿನಲ್ಲಿ ಬಸ್ಸಿಳಿದು ಆ್ಯಪಿನಲ್ಲಿ ಆಟೋ ಹಿಡಿದರೆ ಡ್ರೈವರಿಗೆ ನಂಬರು ಹೇಳಬೇಕು, ಹೇಳದಿದ್ದರೆ ಗಾಡಿ ಹೊರಡಲ್ಲ. ಸೆಂಟರಿನಲ್ಲಿ ಯಾವುದೋ ಅರ್ಜಿ ಹಾಕಿಸಿದರೆ ಅಲ್ಲಿ ಕೂತವನಿಗೆ ಹೇಳಬೇಕು, ಹೇಳದಿದ್ದರೆ ಅರ್ಜಿ ಮುಂದಕ್ಕೆ ಹೋಗಲ್ಲ.

ವರ್ಷಗಟ್ಟಲೆ ಹೀಗೆ 'ನಂಬರ್ ಹೇಳಿ, ನಂಬರ್ ಹೇಳಿ' ಅಂತ ಜನರಿಗೆ ಅಭ್ಯಾಸ ಮಾಡಿಸಿದವರು ಯಾರು? ಹತ್ತು ಜನಕ್ಕೆ ಹೇಳಿದರೆ ಕೆಲಸ ಆಯಿತು, ಹನ್ನೊಂದನೆಯವನಿಗೆ ಹೇಳಿದರೆ ಖಾತೆ ಖಾಲಿ. ಹತ್ತು ನಂಬರಿಗೂ ಹನ್ನೊಂದನೆಯದಕ್ಕೂ ನೋಡೋಕೆ ವ್ಯತ್ಯಾಸ ಏನಿದೆ? ಏನೂ ಇಲ್ಲ. ಎಲ್ಲವೂ ಒಂದೇ ಥರ ಟಿಂಗ್ ಅಂತ ಬರುತ್ತವೆ. ಮನೆ ಬಾಗಿಲ ಕೀಲಿ, ಸೈಕಲ್ ಕೀಲಿ, ದೇವರ ಪೆಟ್ಟಿಗೆ ಕೀಲಿ ಮೂರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಟ್ಟು, ತಪ್ಪು ಕೀಲಿ ಕೊಟ್ಟೆಯಲ್ಲಾ ಅಂತ ಬೈದರೆ ಹೇಗೆ?

ಆ ಸಂದೇಶದಲ್ಲಿ ಎಷ್ಟು ರೂಪಾಯಿ, ಯಾರಿಗೆ ಅಂತ ಬರೆದಿರುತ್ತಲ್ಲ ಅಂತ ಬ್ಯಾಂಕಿನವರು ವಾದಿಸಬಹುದು. ಬರೆದಿರುತ್ತೆ, ಬಹುಪಾಲು ಇಂಗ್ಲಿಷಿನಲ್ಲಿ. ಯಾರಿಗೂ ಹೇಳಬೇಡಿ ಅನ್ನುವ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ. ಆತಗೂರಿನ ಅಜ್ಜಿಗೆ ಆ ಸಾಲಿನಲ್ಲಿ ಅರ್ಥವಾಗುವುದು ಅಂಕಿ ಒಂದೇ. ಅಂಕಿ ಗೊತ್ತಾಗುತ್ತೆ, ಅದನ್ನೇ ಹೇಳುತ್ತಾಳೆ. ಬೀಗ ಏನು ತೆಗೆಯುತ್ತಿದೆ ಅಂತ ತಿಳಿಯದೆ ಕೀಲಿ ತಿರುಗಿಸುವವಳನ್ನು ನಾವು ಒಪ್ಪಿಗೆ ಕೊಟ್ಟವಳು ಅಂತ ಕರೆಯುತ್ತಿದ್ದೇವೆ.

ಇನ್ನೊಂದು ಮಾತು. ಹಳ್ಳಿಯಲ್ಲಿ ಪಿನ್ನು ಗುಟ್ಟಾಗಿ ಉಳಿಯುವುದಿಲ್ಲ, ಉಳಿಯೋಕೆ ಸಾಧ್ಯವೂ ಇಲ್ಲ. "ನಂಗೆ ಒತ್ತಕ್ಕೆ ಬರಕಿಲ್ಲ ಕನಪ್ಪ, ನೀನೇ ಒತ್ಬುಡು" ಅಂತ ಮೊಮ್ಮಗನಿಗೋ ಅಂಗಡಿಯವನಿಗೋ ಕಾರ್ಡು ಕೊಡುವವರು ದಡ್ಡರಲ್ಲ. ಅವರಿಗೆ ಬೇರೆ ದಾರಿಯಿಲ್ಲ. ನಂಬಿಕೆಯ ಮೇಲೆ ನಡೆಯುವ ಊರಿಗೆ ಯಾರನ್ನೂ ನಂಬಬೇಡಿ ಅನ್ನುವ ಬೀಗ ತಂದು ಹಾಕಿದರೆ, ಜನ ಬೀಗವನ್ನೇ ಬಗ್ಗಿಸಿಕೊಳ್ಳುತ್ತಾರೆ. ನಂಬಿದ ಒಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿ ಅಧಿಕಾರ ಕೊಡುವ ದಾರಿ ಮಾಡಿದರೆ ಪಿನ್ ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ. 2024ರಲ್ಲಿ ಯುಪಿಐಗೆ ಅಂಥದ್ದೊಂದು ಸೌಲಭ್ಯವನ್ನು 'ಸರ್ಕಲ್' ಅನ್ನುವ ಹೆಸರಿನಲ್ಲಿ ತಂದರು. ನಮ್ಮ ಕಡೆ ಎಷ್ಟು ಜನಕ್ಕೆ ಇದರ ಹೆಸರು ಗೊತ್ತಿದೆ, ಓದುಗರೇ ಅಕ್ಕಪಕ್ಕ ಕೇಳಿ ನೋಡಲಿ.

ಹೆಬ್ಬೆಟ್ಟಿನ ಗುಟ್ಟು ರಟ್ಟು

ಹಾಗಾದರೆ ನಂಬರಿನ ರಗಳೆಯೇ ಬೇಡ, ಹೆಬ್ಬೆಟ್ಟು ಒತ್ತಿದರಾಯ್ತು ಅಂತೀರಾ? ಅಂಗಡಿಯಲ್ಲಿ ಆಧಾರ್ ನಂಬರು ಹೇಳಿ, ಬ್ಯಾಂಕಿನ ಹೆಸರು ಹೇಳಿ, ಬೆರಳಿಟ್ಟು 10,000 ರೂಪಾಯಿವರೆಗೆ ಒಂದು ಸಲಕ್ಕೆ ತೆಗೆಯುವ ಪದ್ಧತಿ ಇದೆ. ಬಸ್ ಚಾರ್ಜು ಕೊಟ್ಟು ಮದ್ದೂರಿಗೆ ಹೋಗಿ ಬ್ಯಾಂಕಿನಲ್ಲಿ ಕ್ಯೂ ನಿಲ್ಲುವುದು ತಪ್ಪಿತು. ವಯಸ್ಸಾದವರಿಗೆ ಇದು ದೊಡ್ಡ ಉಪಕಾರ, ಸಂಶಯವಿಲ್ಲ.

ಆದರೆ ಇಲ್ಲಿ ಬೀಗ ಎಷ್ಟಿದೆ? ಆಧಾರ್ ನಂಬರು ಗುಟ್ಟಲ್ಲ, ಅದರ ಜೆರಾಕ್ಸ್ ಕೊಡದ ಜಾಗವಿಲ್ಲ. ಉಳಿದದ್ದು ಬೆರಳೊಂದೇ. ಆ ಬೆರಳಚ್ಚೂ ಗುಟ್ಟಲ್ಲ ಅನ್ನೋದು ನಮ್ಮ ರಾಜ್ಯದಲ್ಲೇ 2023ರಲ್ಲಿ ಗೊತ್ತಾಯಿತು. ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ಇದ್ದಕ್ಕಿದ್ದಂತೆ ದುಡ್ಡು ಹೋಗತೊಡಗಿತು. ಓಟಿಪಿ ಬಂದಿಲ್ಲ, ಫೋನ್ ಕಾಲ್ ಬಂದಿಲ್ಲ, ಯಾರಿಗೂ ಏನೂ ಹೇಳಿಲ್ಲ. ನೋಂದಣಿ ಪತ್ರದ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ನಂಬರು ಎತ್ತಿಕೊಂಡು, ನಕಲಿ ಬೆರಳು ಮಾಡಿ ಹಣ ತೆಗೆದಿದ್ದಾರೆ ಅನ್ನುವುದು ತನಿಖೆಯ ದಿಕ್ಕಾಯಿತು. ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಆಮೇಲೆ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪಿನ್ನು ಕದ್ದರೆ ಪಿನ್ನು ಬದಲಿಸಬಹುದು. ಬೆರಳು ಕದ್ದರೆ ಬೆರಳು ಬದಲಿಸೋಕಾಗುತ್ತಾ? ಇರುವುದೇ ಹತ್ತು. ಅದಕ್ಕೇ ಬೆರಳು ಒಬ್ಬಂಟಿ ಬೀಗವಾಗಬಾರದು, ಜೋಡಿಯಲ್ಲಿ ಒಂದಾಗಿರಬೇಕು. ಭೂಮಿ ಕಚೇರಿಯಲ್ಲಿ ಬೆರಳು ನಡೆಯಿತು, ಯಾಕೆಂದರೆ ಆ ಕಂಪ್ಯೂಟರು ತಾಲ್ಲೂಕು ಕಚೇರಿಯ ನಾಲ್ಕು ಗೋಡೆಯೊಳಗಿತ್ತು, ಬೆರಳಿಡುವವರು ಯಾರು ಅಂತ ಅಕ್ಕಪಕ್ಕದವರಿಗೆ ಗೊತ್ತಿತ್ತು. ಅದೇ ಬೆರಳು ಸಾವಿರಾರು ಮೈಲಿ ಆಚೆಯ ಯಾವುದೋ ಮೆಷಿನ್ನಿನಲ್ಲಿ ಒತ್ತಿದರೆ ನೋಡುವವರು ಯಾರು?

ನಿಜವಾದ ಬೆರಳೇ ಹೌದಾ ಅಂತ ಪರೀಕ್ಷಿಸುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರ 2023ರಲ್ಲಿ ಸೇರಿಸಿತು. ಬೆರಳಚ್ಚಿಗೆ ನಾವೇ ಬೀಗ ಹಾಕಿಕೊಳ್ಳುವ ಸೌಕರ್ಯವೂ ಎಂಆಧಾರ್ ಆ್ಯಪಿನಲ್ಲಿದೆ. ಬೇಕಾದಾಗ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬಹುದು. ಆದರೆ ಬೆರಳಿಟ್ಟು ರೇಷನ್ ತರಬೇಕಾದವರು ಅದನ್ನು ಹಾಕಿಕೊಂಡು ಕೂತರೆ ಅಕ್ಕಿ ಸಿಗದೆ ವಾಪಸ್ ಬರುವ ಪಾಡು. ಇನ್ನು ಕಬ್ಬು ಕಡಿದು, ರಾಗಿ ಕೊಯ್ದು ಗೆರೆ ಸವೆದ ಬೆರಳನ್ನು ಮೆಷಿನ್ನು ಒಪ್ಪುವುದೇ ಇಲ್ಲ. ಒರೆಸಿ, ಉಜ್ಜಿ, ಹತ್ತು ಬೆರಳೂ ಇಟ್ಟು, ಕೊನೆಗೆ 'ಸರ್ವರ್ ಇಲ್ಲ, ನಾಳೆ ಬಾರವ್ವ'. ಕಳ್ಳನ ನಕಲಿ ಬೆರಳನ್ನು ಒಪ್ಪಿ ದುಡಿದವರ ಅಸಲಿ ಬೆರಳನ್ನು ತಳ್ಳುವ ಬೀಗಕ್ಕೆ ಏನನ್ನಬೇಕು?

ಟೀಗೆ ಎಷ್ಟು ಬೀಗ?

ಭದ್ರತೆ ಅಂತ ಎಲ್ಲದಕ್ಕೂ ಖಜಾನೆ ಬೀಗ ಜಡಿದರೂ ಸಂಸಾರ ನಡೆಯಲ್ಲ. 15 ರೂಪಾಯಿ ಟೀಗೆ ಪಿನ್ನು ಯಾಕೆ? ಸಣ್ಣ ಮೊತ್ತಕ್ಕೆ ಪಿನ್ ಇಲ್ಲದೆ ಕೊಡುವ ಯುಪಿಐ ಲೈಟ್ 2022ರಲ್ಲಿ ಬಂತು. ಫೋನಿನಲ್ಲಿ ಚಿಲ್ಲರೆ ಚೀಲ ಇದ್ದ ಹಾಗೆ ಅದು. ಹೋದರೆ ಚೀಲದಲ್ಲಿದ್ದಷ್ಟು ಮಾತ್ರ ಹೋಗುತ್ತದೆ. ಉಜ್ಜದೆ ಬರೀ ತಾಗಿಸುವ ಕಾರ್ಡಿಗೆ ಪಿನ್ ಇಲ್ಲದ ಮಿತಿಯನ್ನು 2021ರ ಜನವರಿ 1ರಿಂದ 2,000ದಿಂದ 5,000 ರೂಪಾಯಿಗೆ ಏರಿಸಿದರು. ಪೇಟೆಯವರಿಗೆ ಸರಿ ಇರಬಹುದು, ತಿಂಗಳಿಗೆ 2,000ದಲ್ಲಿ ಸಂಸಾರ ತೂಗಿಸುವವರಿಗೆ 5,000 ಚಿಲ್ಲರೆಯಲ್ಲ. ಮಿತಿ ಆಯಾ ಖಾತೆಯ ಅಳತೆಗೆ ಇರಬೇಕು. ಖಾತೆಯಲ್ಲಿ ಒಂದೇ ಸಲ ಮುಕ್ಕಾಲು ಪಾಲು ಹೊರಡುತ್ತಿದ್ದರೆ ಟೀ ಕಾಸಿನಷ್ಟೇ ಸಲೀಸಾಗಿ ಬಿಡೋದು ಯಾವ ನ್ಯಾಯ? ಒಂದು ಗಂಟೆ ತಡೆದು, ಫೋನ್ ಮಾಡಿ ಕನ್ನಡದಲ್ಲಿ ಕೇಳಿದರೆ ಯಾರ ಗಂಟು ಹೋಗುತ್ತದೆ?

ಎಸ್ಸೆಮ್ಮೆಸ್ಸೇ ಬೇಡದ ಓಟಿಪಿಯೂ ಇದೆ. 30 ಸೆಕೆಂಡಿಗೊಂದು ಸಲ ತಾನೇ ಬದಲಾಗುವ ನಂಬರು. ಇದರ ಗುಟ್ಟು ಸುಲಭ. ಅಣ್ಣನ ಮನೆಯಲ್ಲೂ ತಮ್ಮನ ಮನೆಯಲ್ಲೂ ಒಂಟಿಕೊಪ್ಪಲ್ ಪಂಚಾಂಗ ಇದ್ದರೆ, ಇವತ್ತು ಯಾವ ನಕ್ಷತ್ರ ಅಂತ ಒಬ್ಬರಿಗೊಬ್ಬರು ಕಾಗದ ಬರೆಯಬೇಕಾಗಿಲ್ಲ. ಹಾಗೇ ನಿಮ್ಮ ಫೋನಿನಲ್ಲೂ ಬ್ಯಾಂಕಿನಲ್ಲೂ ಒಂದೇ ಗುಟ್ಟಿನ 'ಪಂಚಾಂಗ' ಇಟ್ಟು, ಗಡಿಯಾರ ನೋಡಿ ಇಬ್ಬರೂ ಒಂದೇ ನಂಬರು ತೆಗೆಯುತ್ತಾರೆ. 2011ರಲ್ಲಿ ಇದಕ್ಕೆ ಜಗತ್ತಿಗೆಲ್ಲ ಒಂದೇ ಕ್ರಮ ಗೊತ್ತುಮಾಡಿದರು. ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ, ಎಸ್ಸೆಮ್ಮೆಸ್ ಕದಿಯುವವನಿಗೆ ಸಿಗುವುದಿಲ್ಲ. ಆದರೆ ಬಾಯಲ್ಲಿ ಹೇಳಿಬಿಟ್ಟರೆ ಇದೂ ಹೋಯ್ತು. ಅದಕ್ಕೂ ಮುಂದಿನದು 'ಪಾಸ್‌ಕೀ'. ಇಲ್ಲಿ ಹೇಳೋಕೆ ನಂಬರೇ ಇಲ್ಲ. ಎದುರಿಗಿರುವ ಬಾಗಿಲು ನಮ್ಮದೇ ಹೌದಾ ಅಂತ ಕೀಲಿಯೇ ನೋಡಿಕೊಳ್ಳುತ್ತದೆ, ಬೇರೆ ಬಾಗಿಲಾದರೆ ತಿರುಗುವುದೇ ಇಲ್ಲ.

ಕನ್ನಡ ಮಾತಾಡುವ ಪೆಟ್ಟಿಗೆ

ಇಷ್ಟೆಲ್ಲ ಓದಿ, ಇದು ನಮ್ಮಂಥವರಿಗೆ ಆಗುವ ಮಾತಲ್ಲ ಅಂದುಕೊಂಡ ಅಂಗಡಿಯವರು ತಮ್ಮ ಗಲ್ಲಾಪೆಟ್ಟಿಗೆ ಪಕ್ಕ ನೋಡಿಕೊಳ್ಳಲಿ. ಅಲ್ಲಿ ಕೂತ ಸೌಂಡ್‌ಬಾಕ್ಸ್ ಒಂದು ಒಳ್ಳೆಯ ಎರಡನೇ ಬೀಗ. ಗಿರಾಕಿ ಫೋನು ತೋರಿಸಿ 'ಹಾಕಿದೀನಿ ನೋಡಣ್ಣ' ಅಂತಾನೆ. ಅದು ಅವನ ಪರದೆ, ಅವನ ಮಾತು. ದುಡ್ಡು ಹಾಕಿದ ಹಾಗೇ ತೋರಿಸುವ ನಕಲಿ ಆ್ಯಪುಗಳು ಬಂದು ಎಷ್ಟೋ ಕಾಲವಾಯಿತು. ಪೆಟ್ಟಿಗೆಗೆ ಸುದ್ದಿ ಬರುವುದು ಬೇರೆ ದಾರಿಯಲ್ಲಿ, ನಿಮ್ಮ ಖಾತೆಯ ಕಡೆಯಿಂದ. ಅದು ಕೂಗಿದರೆ ದುಡ್ಡು ಬಂತು, ಕೂಗದಿದ್ದರೆ ಇಲ್ಲ. ಬೇರೆ ಜಾಗ, ಬೇರೆ ದಾರಿ, ಖಜಾನೆಯ ಧರ್ಮ.

ಅದು ಕೂಗುವುದು ಕನ್ನಡದಲ್ಲಿ! ಹತ್ತು ರೂಪಾಯಿ ಬಂದರೂ ಕನ್ನಡದಲ್ಲಿ ಹೇಳುತ್ತದೆ. ದುಡ್ಡು ಬರುವಾಗ ಕನ್ನಡ ಬರುತ್ತದೆ, ದುಡ್ಡು ಹೋಗುವಾಗ ಇಂಗ್ಲಿಷು ಯಾಕೆ? "ನಿಮ್ಮ ಖಾತೆಯಿಂದ ಒಂಬತ್ತು ಸಾವಿರ ರೂಪಾಯಿ ಹೊರಗೆ ಹೋಗುತ್ತಿದೆ, ಇದನ್ನು ಯಾರಿಗೂ ಹೇಳಬೇಡಿ" ಅಂತ ಅಜ್ಜಿಯ ಫೋನು ಕೂಗಿದರೆ ಜಗಲಿಯಲ್ಲಿ ಕೂತ ನಾಲ್ಕು ಜನಕ್ಕೂ ಕೇಳುತ್ತದೆ. ಭೂಮಿ ಕೌಂಟರಿನಲ್ಲಿ ರೈತನ ಕಡೆ ತಿರುಗಿಸಿಟ್ಟಿದ್ದ ಎರಡನೇ ಪರದೆ ಅಂದೆವಲ್ಲ, ಅದು ಈಗ ಬೇಕಾಗಿರುವುದು ಇಲ್ಲಿ.

ಜವಾಬ್ದಾರಿ ಯಾರ ತಲೆಗೆ ಅನ್ನೋದು ಸಣ್ಣ ಮಾತಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನುವಾಗ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗುಟ್ಟಿನ ನಂಬರು ತಾನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಹಾಗಾಗಿ ಅಜ್ಜಿ ಹೇಳಿದ ಆ ಆರು ಅಂಕಿ ಅವಳ ಮೇಲೇ ಸಾಕ್ಷಿ ಹೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಹೊಸ ನಿರ್ದೇಶನಕ್ಕೆ 2026ರ ಏಪ್ರಿಲ್ 1ನ್ನು ಜಾರಿಯ ದಿನ ಅಂತ ಗೊತ್ತುಮಾಡಿದರು. ಕನಿಷ್ಠ ಎರಡು ಬೀಗ, ಅವುಗಳಲ್ಲಿ ಒಂದಾದರೂ ಆ ಒಂದು ವ್ಯವಹಾರಕ್ಕೇ ಹುಟ್ಟಿದ್ದಾಗಿರಬೇಕು, ಈ ನಿಯಮ ಪಾಲಿಸದೆ ನಷ್ಟವಾದರೆ ಬ್ಯಾಂಕೇ ತುಂಬಿಕೊಡಬೇಕು ಅನ್ನುತ್ತದೆ ಅದು. ಎಸ್ಸೆಮ್ಮೆಸ್ಸಿಗೆ ಮಾತ್ರ ಅಂಟಿಕೊಳ್ಳದೆ ಬೇರೆ ಬೇರೆ ಬೀಗಗಳಿಗೂ ದಾರಿ ತೆರೆದಿದೆ. ಇಷ್ಟು ಮಾಡಿದವರಿಗೆ ಭಾಷೆಯ ಒಂದು ಸಾಲು ಸೇರಿಸುವುದು ಭಾರವಾಗಲಾರದು.

ಹೋದ ಮೇಲೆ ಮಾಡಬೇಕಾದ್ದು ಒಂದೇ: ಆ ಗಳಿಗೆಯಲ್ಲೇ 1930ಕ್ಕೆ ಫೋನು, ಆಮೇಲೆ ಬ್ಯಾಂಕಿಗೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರಾಯ್ತು ಅಂತ ಮಲಗಿದರೆ ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ.

ಜಿಲ್ಲೆಯ ಬ್ಯಾಂಕುಗಳ ಸಭೆ ಲೀಡ್ ಬ್ಯಾಂಕಿನವರ ನೇತೃತ್ವದಲ್ಲಿ ಆಗಾಗ್ಗೆ ಮಂಡ್ಯದಲ್ಲಿ ನಡೆಯುತ್ತದೆ. ಸಾಲ ವಸೂಲಿಯ ಅಂಕಿಅಂಶದ ಜೊತೆಗೆ ಒಂದು ಪ್ರಶ್ನೆಯನ್ನೂ ಅಲ್ಲಿ ಇಡಬಹುದು. ನಮ್ಮ ಹೋಬಳಿಗಳ ಗ್ರಾಹಕರಲ್ಲಿ ಎಷ್ಟು ಜನಕ್ಕೆ ಓಟಿಪಿ ಸಂದೇಶ ಕನ್ನಡದಲ್ಲಿ ಹೋಗುತ್ತಿದೆ? ಗ್ಯಾಸ್ ಕೋಡಿಗೂ ಖಾತೆಯ ಓಟಿಪಿಗೂ ನೋಡಿದ ತಕ್ಷಣ ಗೊತ್ತಾಗುವ ವ್ಯತ್ಯಾಸ ಏನಿಟ್ಟಿದ್ದೀರಿ? ಬೆರಳು ಸವೆದವರಿಗೆ ಬೇರೆ ಏನು ವ್ಯವಸ್ಥೆ ಇದೆ? ಜಿಲ್ಲಾಡಳಿತ ಹಾಗೂ ಬ್ಯಾಂಕುಗಳ ಮೇಲಧಿಕಾರಿಗಳು ಇದಕ್ಕೆ ಉತ್ತರ ಕೊಡುವರೇ? ಆತಗೂರಿನ ಜಗಲಿ ಮೇಲೆ ಓದಿ ಹೇಳುವಂತಿದ್ದರೆ ಆ ಉತ್ತರವನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.